ಸಭೆಯಲ್ಲಿ ಪ್ರತಿ ಹಂಚುವಾಗ ಬರೀ ಐಎಸ್‌ಒ ಕೊಟ್ಟರೆ ಸಾಕಾ?

ಮೇಜಿನಮೂಲೆ:

ನಮ್ಮ ಬಳಕೆದಾರರ ಬಳಗದ ತಿಂಗಳ ಸಭೆಯಲ್ಲಿ ಬಾಗಿಲ ಪಕ್ಕದ ಮೇಜು ನನ್ನದು. ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬೇಕು ಅಂತ ಬಂದವರ ಪೆನ್‌ಡ್ರೈವ್‌ಗೆ ಅದರ ಐಎಸ್‌ಒ (ಇಡೀ ಡಿಸ್ಕಿನ ಪ್ರತಿ ಇರೋ ಒಂದೇ ಫೈಲ್) ಹಾಕಿಕೊಡ್ತೀನಿ, ಡಿವಿಡಿ ಡ್ರೈವ್ ಇರೋ ಹಳೇ ಯಂತ್ರದವರಿಗೆ ಡಿಸ್ಕ್ ಬರ್ನ್ ಮಾಡಿಕೊಡ್ತೀನಿ. ವಿಂಡೋಸ್‌ನಲ್ಲೇ ಇರ್ತೀವಿ ಅನ್ನೋರಿಗೆ ಲಿಬ್ರೆಆಫೀಸ್, ವಿಎಲ್‌ಸಿ, ಗಿಂಪ್, ಇಂಕ್‌ಸ್ಕೇಪ್ ಇರೋ ಒಂದು ಫೋಲ್ಡರ್ ಇಟ್ಟಿದೀನಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲಂತೂ ಮೇಜಿನ ಮುಂದೆ ಸಾಲು. ಯಂತ್ರ ಚೆನ್ನಾಗೇ ಓಡ್ತಿದೆ, ಹೊಸ ವಿಂಡೋಸ್ ಮಾತ್ರ ಒಪ್ತಿಲ್ಲ, ಬಿಸಾಕೋಕೆ ಮನಸ್ಸು ಬರ್ತಿಲ್ಲ ಅಂತ ತಂದವರೇ ಹೆಚ್ಚು.

ಕಳೆದ ಸಭೆಯಲ್ಲಿ ಇಬ್ಬರು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಕೇಳಿದ ಎರಡು ಪ್ರಶ್ನೆ ಇನ್ನೂ ತಲೆ ಕೊರೀತಾ ಇದೆ.

ಮೊದಲನೆಯವರು ಒಬ್ಬ ಹಿರಿಯ ಮಹಿಳೆ. ಪೆನ್‌ಡ್ರೈವ್ ಕೈಗೆ ಕೊಟ್ಟೆ. ಅದನ್ನ ಅಂಗೈಲಿಟ್ಟು ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದ್ರು: "ಇದು ಕಾಪಿ ಹೊಡೆದದ್ದಾ? ಬೇಜಾರು ಮಾಡ್ಕೋಬೇಡಿ, ಕದ್ದದ್ದಾದ್ರೆ ನನಗೆ ಬೇಡ." ನಾನು "ಇಲ್ಲ ಮೇಡಂ, ಇದು ಫ್ರೀ" ಅಂದೆ. ಅವರ ಮುಖದಲ್ಲಿದ್ದ ಅನುಮಾನ ಹೋಗಲಿಲ್ಲ. ಹೋಗೋದಾದ್ರೂ ಹೇಗೆ? ಕದ್ದದ್ದನ್ನ ಹಂಚೋರೂ ಫ್ರೀ ಅಂತಲೇ ಹೇಳ್ತಾರೆ.

ಎರಡನೆಯವನು ಪಕ್ಕದಲ್ಲೇ ನಿಂತಿದ್ದ ಕಾಲೇಜು ಹುಡುಗ. "ಸರ್, ಕರ್ನಲ್ ಜಿಪಿಎಲ್ ಅಲ್ವಾ? ಬೈನರಿ ಕೊಟ್ರಿ, ಸೋರ್ಸ್ ಎಲ್ಲಿ?" ಕರ್ನಲ್ ಅಂದ್ರೆ ಲಿನಕ್ಸ್‌ನ ತಿರುಳು, ಜಿಪಿಎಲ್ ಅದರ ಲೈಸೆನ್ಸ್; ಸೋರ್ಸ್ ಅಂದ್ರೆ ಮನುಷ್ಯರು ಬರೆದ ಮೂಲ ಸಂಕೇತ, ಬೈನರಿ ಅಂದ್ರೆ ಅದರಿಂದ ತಯಾರಾದ, ಯಂತ್ರ ಓಡಿಸೋ ರೂಪ. ನೆಟ್‌ನಲ್ಲಿದೆಯಪ್ಪಾ ಅಂದೆ. "ಕೊಟ್ಟವರು ನೀವು ತಾನೆ, ನೀವೇ ಕೊಡಬೇಕಲ್ವಾ?" ಅಂದ.

ವರ್ಷಗಟ್ಟಲೆ ಹಂಚಿದೀನಿ, ಆದರೂ ಇಬ್ಬರಿಗೂ ನೆಟ್ಟಗೆ ಉತ್ತರ ಕೊಡೋಕಾಗಲಿಲ್ಲ. ನಿಮ್ಮ ಸಭೆಗಳಲ್ಲಿ ನೀವೆಲ್ಲ ಏನು ಕೊಡ್ತೀರಿ, ಕೊಡುವಾಗ ಏನು ಹೇಳ್ತೀರಿ? ಆ ಹುಡುಗ ಹೇಳಿದ್ದು ಸರೀನಾ?

ಬಿಟ್‌ಬುತ್ತಿ:

ಇಷ್ಟು ತಲೆ ಕೆಡಿಸಿಕೊಳ್ಳೋ ವಿಷಯ ಅಲ್ಲ ಅನ್ಸುತ್ತೆ ನನಗೆ. ನಾನೂ ಹಂಚಿದೀನಿ, ಸೋರ್ಸ್ ಕೊಡಿ ಅಂತ ಒಬ್ಬರೂ ಕೇಳಿಲ್ಲ. ಬಂದವರಿಗೆ ಬೇಕಿರೋದು ಕೆಲಸ ಮಾಡೋ ಕಂಪ್ಯೂಟರ್. ಅವರ ಮುಂದೆ ಲೈಸೆನ್ಸ್ ಓದಿದ್ರೆ ಹೆದರಿ ಓಡ್ತಾರೆ. ಇಷ್ಟಕ್ಕೂ ನಾವು ಏನನ್ನೂ ಬದಲಿಸಿಲ್ಲ, ಅಧಿಕೃತ ಐಎಸ್‌ಒ ಹೇಗಿದೆಯೋ ಹಾಗೇ ಕೊಡ್ತಿದೀವಿ. ಬದಲಿಸಿದೋರಿಗೆ ತಾನೆ ಆ ನಿಯಮ?

ಷರತ್ತುಓದು:

ಬಿಟ್‌ಬುತ್ತಿ ಅವರೇ, ಆ ಕೊನೇ ಸಾಲಿನಲ್ಲಿರೋ ನಂಬಿಕೆ ನಮ್ಮಲ್ಲಿ ತುಂಬ ಜನಕ್ಕಿದೆ, ಅದು ತಪ್ಪು. ಹುಡುಗ ಹೇಳಿದ್ದೇ ಸರಿ. ಜಿಪಿಎಲ್ ನೋಡೋದು ಹಂಚಿದೋರು ಯಾರು ಅಂತ. ತಿದ್ದದೇ ಹಾಗ್ಹಾಗೇ ಬೈನರಿ ಹಂಚಿದ್ರೂ ಸೋರ್ಸ್ ಹೊಣೆ ಹಂಚಿದವರ ಮೇಲೇ ಬರುತ್ತೆ. ಜಿಪಿಎಲ್ ಹೊರತಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಪ್ರಶ್ನೋತ್ತರ ಪುಟದಲ್ಲಿ ನೆಟ್‌ನಿಂದ ಬರೀ ಬೈನರಿ ಇಳಿಸಿಕೊಂಡು ಹಂಚೋರ ಬಗ್ಗೆಯೇ ಒಂದು ಪ್ರಶ್ನೆ ಇದೆ. ಅಲ್ಲೂ ಇದೇ ಉತ್ತರ. 2006ರಲ್ಲಿ ಮೆಪಿಸ್ ಅನ್ನೋ ಡಿಸ್ಟ್ರೋಗೆ (ಲಿನಕ್ಸ್‌ನ ಒಂದು ಸಿದ್ಧ ರೂಪ) ಅವರು ಹೇಳಿದ್ದೂ ಇದನ್ನೇ: ಉಬುಂಟು ಅನ್ನೋ ಇನ್ನೊಂದು ಡಿಸ್ಟ್ರೋನಿಂದ ತಗೊಂಡ ಪ್ಯಾಕೇಜ್‌ಗಳನ್ನ ನೀವು ಮುಟ್ಟದೇ ಇರಬಹುದು, ಆದರೂ ಹಂಚೋರು ನೀವಾದ್ರೆ ಅದರ ಸೋರ್ಸ್ ನೀವು ಕೊಡಬೇಕು.

ಕರ್ನಲ್ ಇರೋದು ಜಿಪಿಎಲ್ 2ನೇ ಆವೃತ್ತಿಯಲ್ಲಿ, ಅದು 1991ರದ್ದು. ಅದರ 3ನೇ ಕಲಮು ಬೈನರಿ ಕೊಡೋರಿಗೆ ಮೂರು ದಾರಿ ಇಟ್ಟಿದೆ. ಸೋರ್ಸನ್ನ ಜೊತೆಗೇ ಕೊಡೋದು ಒಂದು. ಇನ್ನೊಂದು, ಕನಿಷ್ಠ 3 ವರ್ಷ ಯಾರು ಕೇಳಿದ್ರೂ ಸೋರ್ಸ್ ಕೊಡ್ತೀನಿ, ಕಳಿಸೋಕೆ ತಗಲೋ ಖರ್ಚು ಬಿಟ್ಟು ಹೆಚ್ಚಿಗೆ ಕೇಳಲ್ಲ ಅಂತ ಬರವಣಿಗೆಯಲ್ಲಿ ಮಾತು ಕೊಡೋದು. ಮೂರನೇ ದಾರಿ ಏನಂದ್ರೆ, ನಿಮಗೆ ಯಾರೋ ಅಂಥ ಬರಹ ಕೊಟ್ಟಿದ್ರೆ ಅದನ್ನೇ ಮುಂದಿನವರಿಗೆ ದಾಟಿಸೋದು. ನಾವೆಲ್ಲ ನಮಗೆ ಗೊತ್ತಿಲ್ಲದೇ ಒರಗಿಕೊಂಡಿರೋದು ಇದರ ಮೇಲೇ. ಆದರೆ ಇದು ವ್ಯಾಪಾರವಲ್ಲದ ಹಂಚಿಕೆಗೆ ಮಾತ್ರ, ಅದೂ ನಿಮಗೆ ಬೈನರಿ ಅಂಥ ಬರಹದ ಜೊತೆ ಬಂದಿದ್ರೆ ಮಾತ್ರ. ಡೆಬಿಯನ್ ಅನ್ನೋ ಡಿಸ್ಟ್ರೋದ ತಾಣದಿಂದ ಐಎಸ್‌ಒ ಇಳಿಸಿಕೊಂಡವರಿಗೆ ಅಂಥ ಬರಹ ಬಂದೇ ಇರಲ್ಲ, ಯಾಕಂದ್ರೆ ಅವರು ಪಕ್ಕದಲ್ಲೇ ಸೋರ್ಸ್ ಇಟ್ಟಿರ್ತಾರೆ. ದಾಟಿಸೋಕೆ ನಮ್ಮ ಕೈಲಿ ಏನೂ ಇರಲ್ಲ.

2007ರಲ್ಲಿ ಬಂದ 3ನೇ ಆವೃತ್ತಿ ಸ್ವಲ್ಪ ಸಡಿಲ. ಡಿಸ್ಕ್ ಕೊಟ್ಟು, ಸೋರ್ಸನ್ನ ನೆಟ್‌ನಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಿ ಅಂತ ಬರೆದುಕೊಡೋಕೆ ಅದು ಒಪ್ಪುತ್ತೆ. ಆದರೆ ಒಂದು ಲೈವ್ ಐಎಸ್‌ಒದಲ್ಲಿ (ಇನ್‌ಸ್ಟಾಲ್ ಮಾಡದೇ ನೇರ ಓಡಿಸಬಹುದಾದದ್ದು) ಎರಡೂ ಆವೃತ್ತಿಯ ಪ್ಯಾಕೇಜ್‌ಗಳು ಕಲಸಿಹೋಗಿರ್ತವೆ. ಬಿಗಿಯಾದದ್ದನ್ನ ಪಾಲಿಸಿದ್ರೆ ಸಡಿಲವಾದದ್ದು ತಾನಾಗೇ ಪಾಲನೆಯಾಗುತ್ತೆ.

ಸುಲಭದ ದಾರಿಯೂ ಅಲ್ಲೇ ಇದೆ. ಗೊತ್ತುಮಾಡಿದ ಒಂದು ಜಾಗದಿಂದ ಜನ ತಾವೇ ನಕಲು ಮಾಡಿಕೊಳ್ಳೋಕೆ ಬಿಟ್ಟಿದ್ರೆ, ಅದೇ ಜಾಗದಿಂದ ಸೋರ್ಸನ್ನೂ ಅಷ್ಟೇ ಸಲೀಸಾಗಿ ನಕಲು ಮಾಡಿಕೊಳ್ಳೋಕೆ ಬಿಟ್ಟರೆ ಸಾಕು. ಸೋರ್ಸ್ ತಗೊಳ್ಳಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡಬೇಕಾಗಿಲ್ಲ. ಅಂದ್ರೆ ಮೇಜಿನ ಮೇಲಿರೋ ಲ್ಯಾಪ್‌ಟಾಪ್‌ನಲ್ಲಿ ಐಎಸ್‌ಒ ಪಕ್ಕದ ಫೋಲ್ಡರ್‌ನಲ್ಲಿ ಸೋರ್ಸ್ ಇರಲಿ. ಡೆಬಿಯನ್‌ನವರು ಒಂದೊಂದು ಬಿಡುಗಡೆಯ ಸೋರ್ಸನ್ನೂ ಬೇರೆ ಐಎಸ್‌ಒಗಳಾಗಿ ಕೊಡ್ತಾರೆ. ಅದೇ ಬಿಡುಗಡೆ ಸಂಖ್ಯೆಯದ್ದನ್ನ ಹುಡುಕಿ ಇಳಿಸಿ ಒಂದು ಹಾರ್ಡ್‌ಡಿಸ್ಕ್‌ಗೆ ಹಾಕಿಟ್ಟುಕೊಳ್ಳಿ. ಒಂದು ರಾತ್ರಿ ಇಳಿಸಿಕೊಳ್ಳೋ ಕೆಲಸ, ಆಮೇಲೆ ಮುಂದಿನ ಬಿಡುಗಡೆವರೆಗೆ ಮುಟ್ಟಬೇಕಾಗಿಲ್ಲ.

ಬಿಟ್‌ಬುತ್ತಿ:

ನಿಯಮ ಹಾಗಿದೆ ಅಂತ ಒಪ್ತೀನಿ. ಆದರೆ ಯಾರೂ ತಗೊಳ್ಳದ ಸೋರ್ಸನ್ನ ಪ್ರತಿ ಸಭೆಗೂ ಹೊತ್ತು ತರೋದರಿಂದ ಯಾರಿಗೆ ಉಪಯೋಗ?

ಹಳೇಫ್ಲಾಪಿ:

ಈ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಬಳಕೆದಾರರ ಗುಂಪು ಅಂದ್ರೆ ಮೊದಲಿಂದಲೂ ಪ್ರತಿ ಹಂಚೋ ಜಾಗವೇ. 1955ರಲ್ಲಿ ಐಬಿಎಂ ಯಂತ್ರಗಳ ಬಳಕೆದಾರರು ಕಟ್ಟಿಕೊಂಡ ಗುಂಪಿನ ಹೆಸರೇ 'ಷೇರ್'. 1961ರಲ್ಲಿ ಡಿಇಸಿ ಅನ್ನೋ ಕಂಪನಿಯ ಯಂತ್ರದವರು ಡೆಕಸ್ ಅನ್ನೋ ಗುಂಪು ಕಟ್ಟಿಕೊಂಡರು. ಅವರು ಬರೆದ ಪ್ರೋಗ್ರಾಂ ಇವರಿಗೆ, ಇವರು ತಿದ್ದಿದ್ದು ಅವರಿಗೆ. ಅಮಿಗಾ ಅನ್ನೋ ಮನೆಬಳಕೆ ಕಂಪ್ಯೂಟರ್‌ನ ಕಾಲದಲ್ಲಿ ಫ್ರೆಡ್ ಫಿಶ್ ಅನ್ನೋರು ಒಬ್ಬರೇ ಕೂತು ಫ್ಲಾಪಿ ಸಂಗ್ರಹ ಮಾಡಿ ಹಂಚ್ತಿದ್ರು, 1994ರ ಹೊತ್ತಿಗೆ ಅವರ ಡಿಸ್ಕ್‌ಗಳ ಸಂಖ್ಯೆ 1120 ಮುಟ್ಟಿತ್ತು. ಒಂದು ಫ್ಲಾಪಿಗೆ ಹಿಡಿಸ್ತಿದ್ದದ್ದು 880 ಕೆಬಿ. ಊರೂರಿನ ಗುಂಪುಗಳಲ್ಲಿ ಅದನ್ನ ನಕಲು ಮಾಡಿ ಮಾಡಿ ದಾಟಿಸಿದ್ರು.

ಈಗ ಇನ್ನೊಂದು ಬದಿ ನೋಡಿ. 1975ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಹವ್ಯಾಸಿಗಳ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಶುರುವಾಯ್ತು. ಆಲ್ಟೇರ್ ಕಂಪ್ಯೂಟರ್‌ಗೆ ಬಿಲ್ ಗೇಟ್ಸ್ ಕಂಪನಿ ಬರೆದಿದ್ದ ಆಲ್ಟೇರ್ ಬೇಸಿಕ್ ಇದ್ದ ಒಂದು ಪೇಪರ್ ಟೇಪ್ ಅಲ್ಲಿನವರ ಕೈಗೆ ಸಿಕ್ತು. ಒಬ್ಬ ಸದಸ್ಯ ಅದರ ಪ್ರತಿಗಳನ್ನ ಮಾಡಿ ತಂದು, ಒಂದು ತಗೊಂಡವರು ಮುಂದಿನ ಸಲ ಎರಡು ತನ್ನಿ ಅಂತ ಹಂಚಿದ. 1976ರ ಫೆಬ್ರವರಿ 3ರ ದಿನಾಂಕದ ಪತ್ರದಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳನ್ನ ನೇರವಾಗಿ ಕಳ್ಳರು ಅಂದ್ರು. ಆ ಪತ್ರ ಓದಿ ಆಗ ಎಷ್ಟೋ ಜನಕ್ಕೆ ಕೋಪ ಬಂತು. ಆದರೆ ಒಂದು ಮಾತು ಸುಳ್ಳಲ್ಲ: ಆ ಟೇಪಿನ ಜೊತೆ ಅನುಮತಿ ಇರಲಿಲ್ಲ.

ಅದೇ 1976ರಲ್ಲಿ ಅದೇ ಹವ್ಯಾಸಿಗಳ ನಡುವೆಯೇ ಬೇರೆ ಉತ್ತರ ಹುಟ್ಟಿತು. ಕೆಲವರು ಟೈನಿ ಬೇಸಿಕ್ ಅಂತ ತಾವೇ ಬರೆದು, ಮೂಲವನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ರು. ಲಿ-ಚೆನ್ ವಾಂಗ್ ಬರೆದ ಪಾಲೊ ಆಲ್ಟೊ ಟೈನಿ ಬೇಸಿಕ್‌ನ ತಲೆಯಲ್ಲಿ 'ಕಾಪಿಲೆಫ್ಟ್, ಆಲ್ ರಾಂಗ್ಸ್ ರಿಸರ್ವ್ಡ್' ಅಂತ ಇತ್ತು, 'ಕಾಪಿರೈಟ್, ಆಲ್ ರೈಟ್ಸ್ ರಿಸರ್ವ್ಡ್' ಅನ್ನೋದರ ತಮಾಷೆ. ಅದನ್ನ ನಕಲು ಮಾಡಿಕೊಂಡವನು ಕಳ್ಳ ಅಲ್ಲ. ಕಾಗದದ ಮೇಲಿದ್ದ ಅದೇ ಸಾಲುಗಳನ್ನ ಟೈಪ್ ಮಾಡಿ, ತಪ್ಪಿದ್ದಲ್ಲಿ ತಿದ್ದಿ, ಮತ್ತೊಬ್ಬರಿಗೆ ಕೊಡಬಹುದಿತ್ತು.

ಬಿಟ್‌ಬುತ್ತಿ ಅವರೇ, ಹೋಮ್‌ಬ್ರೂ ಟೇಪಿಗೂ ಟೈನಿ ಬೇಸಿಕ್‌ಗೂ ಹೊರಗಿನಿಂದ ನೋಡಿದ್ರೆ ವ್ಯತ್ಯಾಸ ಕಾಣಲ್ಲ. ಎರಡೂ ಪ್ರತಿ, ಎರಡೂ ಕೈಯಿಂದ ಕೈಗೆ ಹೋದವು. ಆ ಹಿರಿಯ ಮಹಿಳೆಗೂ ಕಾಣಲಿಲ್ಲ, ಅದಕ್ಕೇ ಅನುಮಾನ ಬಂತು. ಅನುಮತಿ, ಸೋರ್ಸ್ ಎರಡೂ ಪ್ರತಿಯ ಜೊತೆಗೇ ಹೋದಾಗ ಮಾತ್ರ ಆ ವ್ಯತ್ಯಾಸ ಕಣ್ಣಿಗೆ ಬೀಳೋದು. ನೂರು ಜನರಲ್ಲಿ ಆ ಸೋರ್ಸ್ ತೆರೆಯೋನು ಒಬ್ಬನೇ ಇರಬಹುದು. ಕಳೆದ ಸಭೆಯಲ್ಲಿ ಆ ಒಬ್ಬ ಮೇಜಿನ ಪಕ್ಕದಲ್ಲೇ ನಿಂತಿದ್ದ, ಕೇಳಿದ, ಬರಿಗೈಲಿ ಹೋದ. ನನಗೆ ಅದು ಸಣ್ಣ ವಿಷಯ ಅನ್ನಿಸ್ತಿಲ್ಲ.

ಹೊಸಹೆಜ್ಜೆ:

ಇದನ್ನ ಓದ್ತಾ ಒಂದು ಅನುಮಾನ ಬಂತು. ನಾನು ಸ್ನೇಹಿತರಿಗೆ ಕೊಡೋ ಪೆನ್‌ಡ್ರೈವ್‌ನಲ್ಲಿ ಬಿಟ್ಟಿ ಸಿಗೋ ಎಲ್ಲಾ ಇದೆ. ಬ್ರೌಸರ್, ಆಂಟಿವೈರಸ್, ಗ್ರಾಫಿಕ್ಸ್ ಡ್ರೈವರ್, ಒಂದಷ್ಟು ಫಾಂಟ್. ಯಾವುದಕ್ಕೂ ದುಡ್ಡು ಕೊಟ್ಟಿಲ್ಲ. ಇವನ್ನೆಲ್ಲ ಹಂಚಬಹುದಾ?

ಷರತ್ತುಓದು:

ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಬೇಕು. ಇಂಗ್ಲಿಷಿನವರಿಗೆ 'ಫ್ರೀ' ಅನ್ನೋ ಒಂದೇ ಪದ ಇರೋದರಿಂದ ಗೊಂದಲ ಅಂತಾರೆ. ನಮಗೆ ಉಚಿತ ಅಂತ ಒಂದು ಪದ, ಮುಕ್ತ ಅಂತ ಇನ್ನೊಂದು ಪದ ಇದ್ದೂ ನಾವು ಮೇಜಿನ ಹಿಂದೆ ಕೂತು 'ಫ್ರೀ' ಅಂತಲೇ ಹೇಳ್ತೀವಿ. ಮೇಜಿನಮೂಲೆ ಅವರು ಆ ಮೇಡಂಗೆ "ಇದು ಮುಕ್ತ, ಬರೆದವರೇ ನಕಲು ಮಾಡಿ ಹಂಚಿ ಅಂತ ಅನುಮತಿ ಬರೆದುಕೊಟ್ಟಿದಾರೆ, ಓದಿ ಇಲ್ಲಿದೆ" ಅಂತ ತೋರಿಸಿದ್ರೆ ಅನುಮಾನ ಅಲ್ಲಿಗೇ ಮುಗೀತಿತ್ತು ಅಂತ ನನ್ನ ಅನಿಸಿಕೆ.

ಮುಕ್ತ ತಂತ್ರಾಂಶಕ್ಕೆ ನಾಲ್ಕು ಸ್ವಾತಂತ್ರ್ಯ ಇರಬೇಕು, ಎಣಿಕೆ 0ಯಿಂದ 3ರವರೆಗೆ. ಬೇಕಾದ ಕೆಲಸಕ್ಕೆ ಓಡಿಸೋದು, ಒಳಗೆ ನೋಡಿ ತಿದ್ದಿಕೊಳ್ಳೋದು, ಪ್ರತಿ ಹಂಚೋದು, ತಿದ್ದಿದ್ದನ್ನೂ ಹಂಚೋದು. ನಮ್ಮ ಮೇಜು ನಿಂತಿರೋದು 2ನೇ ಸಂಖ್ಯೆಯ ಮೇಲೆ. ದುಡ್ಡಿನ ಮಾತು ಇಲ್ಲಿ ಎಲ್ಲೂ ಇಲ್ಲ. 1985ರಲ್ಲಿ ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಇಮ್ಯಾಕ್ಸ್ ಅನ್ನೋ ಎಡಿಟರ್‌ನ ಟೇಪನ್ನ 150 ಡಾಲರ್‌ಗೆ ಮಾರಿ ಜೀವನ ಮಾಡಿದ್ರು, ಅದೇ ಇಮ್ಯಾಕ್ಸ್ ನೆಟ್‌ನಲ್ಲಿ ಬಿಟ್ಟಿಯೂ ಸಿಗ್ತಿತ್ತು.

ಇನ್ನು ನಿಮ್ಮ ಪಟ್ಟಿ. ಬಿಟ್ಟಿ ಸಿಗೋ ಆಂಟಿವೈರಸ್‌ಗಳು, ಸೋರ್ಸ್ ಕೊಡದ ಮುಚ್ಚಿದ ಡ್ರೈವರ್‌ಗಳು ಅವರವರ ತಾಣದಿಂದ ನೀವೇ ಇಳಿಸಿಕೊಳ್ಳೋಕೆ ಮಾತ್ರ ಇರಬಹುದು. ಷರತ್ತಿನಲ್ಲಿ ಮರುಹಂಚಿಕೆ ಅನ್ನೋ ಕಲಮು ಹುಡುಕಿ, ಅನುಮತಿ ಕಾಣದಿದ್ರೆ ತೆಗೆದುಬಿಡಿ. ಫಾಂಟ್ ವಿಷಯದಲ್ಲಿ ಮೈಕ್ರೋಸಾಫ್ಟ್‌ನ ಕೋರ್ ಫಾಂಟ್ಸ್ ಒಳ್ಳೇ ಉದಾಹರಣೆ. ಅದನ್ನ ಮೂಲ ಪೊಟ್ಟಣದ ರೂಪದಲ್ಲೇ ಹಂಚಬಹುದು, ಬಿಚ್ಚಿ ಬರೀ ಫಾಂಟ್ ಫೈಲ್ ಹಾಕಿಕೊಡೋ ಹಾಗಿಲ್ಲ. ಅದಕ್ಕೇ ಲಿನಕ್ಸ್‌ನಲ್ಲಿ ಅದು ಇನ್‌ಸ್ಟಾಲ್ ಮಾಡುವಾಗ ಪ್ರತ್ಯೇಕವಾಗಿ ಇಳೀತದೆ.

ಫೈರ್‌ಫಾಕ್ಸ್ ಮುಕ್ತ, ಹಾಗ್ಹಾಗೇ ಬಿಟ್ಟಿಯಾಗಿ ಹಂಚಿ. ಆದರೆ ತಿದ್ದಿ ಅದೇ ಹೆಸರಲ್ಲಿ ಹಂಚೋ ಹಾಗಿಲ್ಲ, ಹೆಸರು ಮತ್ತು ಲೋಗೋ ಟ್ರೇಡ್‌ಮಾರ್ಕ್. ಡೆಬಿಯನ್‌ನವರು 2006ರಿಂದ 2016ರವರೆಗೆ ಅದನ್ನ ಐಸ್‌ವೀಸಲ್ ಅಂತ ಕರೆದದ್ದು ಇದೇ ಕಾರಣಕ್ಕೆ. ನಿಮ್ಮ ಬಳಗದವರು ಐಎಸ್‌ಒ ಬಿಚ್ಚಿ ತಮ್ಮ ಪ್ರೋಗ್ರಾಂ ಸೇರಿಸಿ ಮತ್ತೆ ಕಟ್ಟೋದಾದ್ರೆ ಡಿಸ್ಕಿಗೂ ಬೇರೆ ಹೆಸರಿಡಿ. ಲಿಬ್ರೆಆಫೀಸ್‌ನ ಲೈಸೆನ್ಸ್ ಎಂಪಿಎಲ್ 2.0, ಅದಕ್ಕೆ ಸೋರ್ಸ್ ಎಲ್ಲಿ ಸಿಗುತ್ತೆ ಅಂತ ತಗೊಂಡವರಿಗೆ ತಿಳಿಸಬೇಕು. ವಿಎಲ್‌ಸಿ, ಗಿಂಪ್ ಜಿಪಿಎಲ್, ಮೇಲೆ ಹೇಳಿದ್ದೇ. ಬಿಎಸ್‌ಡಿ, ಎಂಐಟಿ ಥರದ ಸಡಿಲ ಲೈಸೆನ್ಸ್‌ಗಳಿಗೆ ಹಕ್ಕುಸ್ವಾಮ್ಯದ ಪಠ್ಯ ಅಳಿಸದೇ ಇದ್ರೆ ಆಯ್ತು.

ಹೊಸಹೆಜ್ಜೆ:

ಪೆನ್‌ಡ್ರೈವ್ ಅರ್ಧ ಖಾಲಿ ಆಯ್ತು. ಉಳಿದದ್ದರ ಲೈಸೆನ್ಸ್ ಫೈಲ್‌ಗಳನ್ನ ಒಂದೇ ಫೋಲ್ಡರ್‌ಗೆ ತಂದಿಟ್ಟೆ.

ತಂತಿಜೋಡಣೆ:

ಕಾನೂನು ಬಗೆಹರೀತು ಅಂದ್ಕೊಂಡು ಕೈಕೆಲಸಕ್ಕೆ ಬರ್ತೀನಿ. ಎಲ್ಲರೂ ಸಭೆಯ ವೈಫೈನಲ್ಲೇ ಇಳಿಸಿಕೊಳ್ಳಲಿ ಅಂತ ಒಂದು ಸಲ ನಾವು ಬಿಟ್ಟುಬಿಟ್ವಿ. ಲೆಕ್ಕ ಹಾಕಿ ನೋಡಿ. ಐಎಸ್‌ಒ 6 ಜಿಬಿ ಅಂದ್ಕೊಳ್ಳಿ, ಅಂದ್ರೆ 48 ಗಿಗಾಬಿಟ್. ವೈಫೈ ನಿಜಕ್ಕೂ ಸೆಕೆಂಡಿಗೆ 100 ಮೆಗಾಬಿಟ್ ಕೊಟ್ರೆ ಒಬ್ಬರಿಗೆ 8 ನಿಮಿಷ. 40 ಜನ ಅಂದ್ರೆ ಅದೇ ಗಾಳಿಯನ್ನ ಹಂಚಿಕೊಳ್ಳೋದು, ಒಟ್ಟು 320 ನಿಮಿಷ. ಐದು ಗಂಟೆ ದಾಟ್ತು, ಸಭೆ ಇದ್ದದ್ದು ಎರಡೇ ಗಂಟೆ. ಮುಕ್ಕಾಲು ಪಾಲು ಜನ ಅರ್ಧ ಇಳಿದ ಫೈಲ್ ಹಿಡ್ಕೊಂಡು ಮನೆಗೆ ಹೋದ್ರು. ನನಗೆ ಆ ದಿನ ತುಂಬ ಬೇಸರ ಆಯ್ತು, ಅವರಲ್ಲಿ ಕೆಲವರು ಆಮೇಲೆ ಬರಲೇ ಇಲ್ಲ.

ಈಗ ಒಂದು ಗಿಗಾಬಿಟ್ ಸ್ವಿಚ್, ನಾಲ್ಕು ಕೇಬಲ್, ಒಂದು ಲ್ಯಾಪ್‌ಟಾಪ್‌ನಲ್ಲಿ ಪೈಥಾನ್‌ನ ಒಂದೇ ಸಾಲಿನ ವೆಬ್ ಸರ್ವರ್. ಕೇಬಲ್ ಹಾಕಿದ್ರೆ ಒಬ್ಬರಿಗೆ ಒಂದು ನಿಮಿಷದ ಆಸುಪಾಸು. ಐಎಸ್‌ಒ, ಸೋರ್ಸ್ ಎರಡೂ ಒಂದೇ ಪುಟದಲ್ಲಿ, ಷರತ್ತುಓದು ಹೇಳಿದ ಹಾಗೆ. ಕೇಬಲ್ ತೂತು ಇಲ್ಲದ ಲ್ಯಾಪ್‌ಟಾಪ್‌ಗೆ ಅಂತ ಯುಎಸ್‌ಬಿ ಅಡಾಪ್ಟರ್ ಎರಡು ಇಟ್ಟಿದೀವಿ.

ಇನ್ನೊಂದು ದಿನಾ ಕಾಣೋ ತೊಂದರೆ. ಪೆನ್‌ಡ್ರೈವ್ 32 ಜಿಬಿ, 6 ಜಿಬಿ ಫೈಲ್ ಕಾಪಿ ಮಾಡಿದ್ರೆ 'ಫೈಲ್ ತುಂಬ ದೊಡ್ಡದು' ಅನ್ನುತ್ತೆ. ಜಾಗ ಇದೆ, ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿದೆ, ಅದು 4 ಜಿಬಿ ಮೀರಿದ ಒಂದು ಫೈಲನ್ನ ಇಟ್ಟುಕೊಳ್ಳಲ್ಲ. ಎಕ್ಸ್‌ಫ್ಯಾಟ್ ಮಾಡಿ, ಅಥವಾ ಐಎಸ್‌ಒ ನೇರವಾಗಿ ಡ್ರೈವಿಗೇ ಬರೀರಿ. ಬರಿಯೋಕೆ ಡಿಡಿ ಅನ್ನೋ ಕಮಾಂಡ್ ಬಳಸೋರು ಎಂಟರ್ ಒತ್ತೋ ಮುಂಚೆ ಡ್ರೈವ್‌ಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಹೊಡೆದು ಡ್ರೈವಿನ ಗಾತ್ರ ನೋಡಲೇಬೇಕು. ಪೆನ್‌ಡ್ರೈವಿನ ಹೆಸರು ಎಸ್‌ಡಿಬಿ ಅಂತ ಬರೆಯೋ ಕಡೆ ಎಸ್‌ಡಿಎ ಅಂತ ಬಿದ್ರೆ ಬಂದವರ ಹಾರ್ಡ್‌ಡಿಸ್ಕೇ ಅಳಿಸಿಹೋಗುತ್ತೆ, ಡಿಡಿ ಒಂದು ಮಾತೂ ಕೇಳಲ್ಲ. ಬೇರೆಯವರ ಯಂತ್ರದ ಮೇಲೆ ನಾನು ಡಿಡಿ ಮುಟ್ಟಲ್ಲ, ನಮ್ಮ ಮೇಜಿನ ಯಂತ್ರದಲ್ಲೇ ಬರೆದು ಕೊಡ್ತೀನಿ.

ಅಗ್ಗದ ಪೆನ್‌ಡ್ರೈವ್ ಸಗಟಾಗಿ ಕೊಳ್ಳೋರು ಮೊದಲು ಎಫ್3 ಅನ್ನೋ ಮುಕ್ತ ಪ್ರೋಗ್ರಾಂ ಓಡಿಸಿ. 64 ಜಿಬಿ ಅಂತ ಮೈಮೇಲೆ ಬರೆದು ಒಳಗೆ 8 ಜಿಬಿ ಇರೋ ನಕಲಿ ಡ್ರೈವ್‌ಗಳಿವೆ. ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ, ಆದರೆ ಎರರ್ ಬರಲ್ಲ.

ಡಿವಿಡಿ ಕಾಲ ಮುಗೀತಾ ಬಂತು. ಸಿಡಿಗೆ 700 ಎಂಬಿ, ಡಿವಿಡಿಗೆ 4.7 ಜಿಬಿ. ಈಗಿನ ದೊಡ್ಡ ಡೆಸ್ಕ್‌ಟಾಪ್ ಐಎಸ್‌ಒಗಳು ಅದಕ್ಕೆ ಹಿಡಿಸಲ್ಲ.

ಹಳೇಫ್ಲಾಪಿ:

700 ಎಂಬಿ ಅಂದಾಗ ಕ್ನಾಪಿಕ್ಸ್ ಅನ್ನೋ ಡಿಸ್ಟ್ರೋ ನೆನಪಾಯ್ತು. ಕ್ಲೌಸ್ ಕ್ನಾಪರ್ ಅನ್ನೋರು ಎರಡು ಜಿಬಿಯಷ್ಟು ತಂತ್ರಾಂಶವನ್ನ ಕುಗ್ಗಿಸಿ ಒಂದು ಸಿಡಿಗೆ ತುರುಕಿದ್ರು. ಹಾರ್ಡ್‌ಡಿಸ್ಕ್ ಮುಟ್ಟದೇ ಸಿಡಿಯಿಂದಲೇ ಇಡೀ ಲಿನಕ್ಸ್ ಎದ್ದು ನಿಂತಾಗ ಇಡೀ ಸಭೆ ಎದ್ದು ಬಂದು ಪರದೆ ಮುಂದೆ ಗುಂಪು ಕಟ್ತಿತ್ತು. ಉಬುಂಟುನವರು 2004ರಲ್ಲಿ ಶುರುಮಾಡಿ ಕೇಳಿದವರ ಮನೆಗೆ ಅಂಚೆಯಲ್ಲಿ ಸಿಡಿ ಕಳಿಸ್ತಿದ್ರು, ಶಿಪ್‌ಇಟ್ ಅಂತ. 2011ರಲ್ಲಿ ಅದು ನಿಂತಿತು. ಅಲ್ಲಿಂದ ಈಚೆಗೆ ಮೇಜಿನ ಹಿಂದೆ ಕೂತವರೇ ಆ ಅಂಚೆಯಣ್ಣ.

ಅಂಕಿಹೊಂದಿಸು:

ಒಂದು ಮುಖ್ಯ ಮಾತು ಇನ್ನೂ ಬಂದಿಲ್ಲ. ಅಪರಿಚಿತರು ಕೊಟ್ಟ ಆಪರೇಟಿಂಗ್ ಸಿಸ್ಟಮನ್ನ ಜನ ಯಾಕೆ ನಂಬಬೇಕು? ನಾವು ಒಳ್ಳೆಯವರೇ ಇರಬಹುದು, ಆದರೆ ನಮ್ಮನ್ನ ನಂಬಿ ಅನ್ನೋದು ಕೆಟ್ಟ ಪಾಠ. ಅವರೇ ಪರೀಕ್ಷೆ ಮಾಡಿಕೊಳ್ಳೋ ಹಾಗೆ ಕೊಡಬೇಕು.

2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಅನ್ನೋ ಡಿಸ್ಟ್ರೋದ ತಾಣಕ್ಕೆ ಯಾರೋ ನುಗ್ಗಿ, 17.3 ಸಿನಮನ್ ಐಎಸ್‌ಒದ ಕೊಂಡಿಯನ್ನ ಹಿಂಬಾಗಿಲು ಇಟ್ಟಿದ್ದ ಬೇರೆ ಐಎಸ್‌ಒಗೆ ತಿರುಗಿಸಿದ್ರು. ಆ ದಿನ ಇಳಿಸಿಕೊಂಡ ಒಬ್ಬ ಮೇಜಿನವರು ಅದನ್ನೇ ನಲವತ್ತು ಜನಕ್ಕೆ ಹಂಚಿದ್ರೆ? ತಾಣದಲ್ಲೇ ಇರೋ ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಮೊತ್ತ) ನೋಡಿದ್ರೆ ಸಾಲದು, ತಾಣಕ್ಕೆ ನುಗ್ಗಿದವರು ಅದನ್ನೂ ಬದಲಿಸಬಲ್ಲರು. ಚೆಕ್‌ಸಮ್ ಫೈಲಿಗೆ ಇರೋ ಜಿಪಿಜಿ ಸಹಿಯನ್ನ, ಅಂದ್ರೆ ಡಿಸ್ಟ್ರೋದವರ ಡಿಜಿಟಲ್ ಸಹಿಯನ್ನ, ಪರಿಶೀಲಿಸಬೇಕು. ಮೇಜಿನವರು ಇದನ್ನ ಒಂದು ಸಲ, ಹಂಚೋಕೆ ಮುಂಚೆ, ಸಾವಧಾನವಾಗಿ ಮಾಡಲೇಬೇಕು.

ತಗೊಳ್ಳೋರಿಗೆ ನಾನು ಕೊಡೋದು ಒಂದು ಚೀಟಿ. ಡಿಸ್ಟ್ರೋ ಹೆಸರು, ಬಿಡುಗಡೆ ಸಂಖ್ಯೆ, ನಾವು ಇಳಿಸಿದ ದಿನಾಂಕ, ಕೆಳಗೆ ಎಸ್‌ಎಚ್‌ಎ256 ಬಗೆಯ ಚೆಕ್‌ಸಮ್ ಮೊತ್ತ, ಅದರ 64 ಅಕ್ಷರವೂ. ಮನೆಗೆ ಹೋಗಿ ಫೈಲಿನ ಮೊತ್ತ ತೆಗೆದು, ತಮ್ಮದೇ ನೆಟ್‌ನಲ್ಲಿ ಅಧಿಕೃತ ತಾಣ ತೆರೆದು ಅಲ್ಲಿರೋದಕ್ಕೂ ಚೀಟಿಗೂ ಹೊಂದಿಸಿ ನೋಡಿ, ಹೊಂದದಿದ್ರೆ ಇನ್‌ಸ್ಟಾಲ್ ಮಾಡಬೇಡಿ, ನನಗೆ ಹೇಳಿ ಅಂತೀನಿ. ಫೈಲಿನ ಒಂದು ಬಿಟ್ ಬದಲಾದ್ರೂ ಮೊತ್ತ ಪೂರಾ ಬೇರೆಯಾಗುತ್ತೆ ಅಂತ ಮೇಜಿನಲ್ಲೇ ತೋರಿಸ್ತೀನಿ. ಒಂದು ಪಠ್ಯ ಫೈಲಿಗೆ ಮೊತ್ತ ತೆಗೀತೀನಿ, ಒಂದು ಪೂರ್ಣವಿರಾಮ ಸೇರಿಸ್ತೀನಿ, ಮತ್ತೆ ತೆಗೀತೀನಿ. ಅದನ್ನ ಒಮ್ಮೆ ಕಣ್ಣಾರೆ ನೋಡಿದವರಿಗೆ ಚೀಟಿ ಯಾಕೆ ಅಂತ ಮತ್ತೆ ಹೇಳಬೇಕಾಗಿಲ್ಲ.

ದಿನಾಂಕ ಬೇಕೇ ಬೇಕು. ಡ್ರಾಯರ್‌ನಲ್ಲಿ ಉಳಿದ ಹಳೇ ಡಿಸ್ಕನ್ನ ಯಾರೋ ಎರಡು ವರ್ಷ ಬಿಟ್ಟು ಹಾಕ್ತಾರೆ, ಅಷ್ಟರಲ್ಲಿ ಮುಚ್ಚದ ಭದ್ರತಾ ತೂತುಗಳು ಸೇರಿಕೊಂಡಿರ್ತವೆ.

ಬಂದವರ ಪೆನ್‌ಡ್ರೈವನ್ನ ಮೇಜಿನ ಮುಖ್ಯ ಯಂತ್ರಕ್ಕೆ ಹಾಕಬೇಡಿ. ಅದಕ್ಕೆ ಅಂತಲೇ ಒಂದು ಹಳೇ ಯಂತ್ರ ಇಟ್ಟು, ಅಲ್ಲಿಂದ ಬರೀರಿ.

ಬಿಟ್‌ಬುತ್ತಿ:

ಚೀಟಿಯ ಯೋಚನೆ ನನಗೆ ಹಿಡಿಸ್ತು. ಅದರಲ್ಲೇ ಸೋರ್ಸ್ ಎಲ್ಲಿದೆ ಅಂತ ಎರಡು ಸಾಲು ಬರೆದ್ರೆ ಯಾರೂ ಹೆದರಲ್ಲ. ನಾನು ಮೊದಲು ಹೇಳಿದ್ದನ್ನ ತಿದ್ದಿಕೊಳ್ತೀನಿ, ಸೋರ್ಸ್ ಜೊತೆಗಿರಲಿ.

ಆದರೆ ಒಂದು ಪ್ರಶ್ನೆ ಉಳಿದಿದೆ. ಪೂರಾ ಮುಕ್ತವಾದದ್ದನ್ನೇ ಹಂಚಬೇಕು ಅಂತ ನಮ್ಮಲ್ಲಿ ಕೆಲವರು ಟ್ರಿಸ್ಕ್ವೆಲ್ ಅನ್ನೋ ಡಿಸ್ಟ್ರೋ ಹಾಕಿಕೊಟ್ರು. ಮನೆಗೆ ಹೋಗಿ ನೋಡಿದ್ರೆ ವೈಫೈ ಇಲ್ಲ, ಆ ಚಿಪ್ಪಿಗೆ ಮುಚ್ಚಿದ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡೋ ತಂತ್ರಾಂಶ) ಬೇಕು. ಮಾರನೇ ವಾರ ಅವರು ಮತ್ತೆ ವಿಂಡೋಸ್‌ಗೆ. ಇಂಥವರನ್ನ ಕಳಕೊಳ್ಳೋದು ನನಗೆ ಸಂಕಟ.

ಷರತ್ತುಓದು:

ನನಗೂ ಸಂಕಟವೇ. ಡೆಬಿಯನ್‌ನವರು ಇದರ ಬಗ್ಗೆ ವರ್ಷಗಟ್ಟಲೆ ಜಗ್ಗಾಡಿ 2022ರಲ್ಲಿ ಮತ ಹಾಕಿದ್ರು. 2023ರ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಬರುತ್ತೆ, ಬೇರೆ ವಿಭಾಗವಾಗಿ, ಯಾವುದು ಹಾಕಿದೆ ಅಂತ ತಿಳಿಸಿ. ನನ್ನ ಮಟ್ಟಿಗೆ ಆ ಕೊನೇದೇ ಮುಖ್ಯ. "ನಿಮ್ಮ ಯಂತ್ರದ ಈ ಒಂದು ತುಂಡಿನ ಒಳಗೆ ಏನಿದೆ ಅಂತ ತಯಾರಿಸಿದವರು ನಮಗೂ ತೋರಿಸಿಲ್ಲ, ನಿಮಗೂ ತೋರಿಸಿಲ್ಲ" ಅಂತ ಹೇಳಿ ಕೊಡಿ. ಅವರಿಗೆ ವೈಫೈ ಸಿಗುತ್ತೆ, ಮುಂದಿನ ಸಲ ಯಂತ್ರ ಕೊಳ್ಳುವಾಗ ಏನು ಕೇಳಬೇಕು ಅಂತಲೂ ಗೊತ್ತಾಗುತ್ತೆ. ಸಾಧ್ಯ ಇದ್ರೆ ಮೇಜಿನಲ್ಲೇ ಲೈವ್ ಹಾಕಿ ವೈಫೈ, ಸೌಂಡ್, ಪರದೆ ಮೂರೂ ನೋಡಿ ಆಮೇಲೆ ಕಳಿಸಿ.

ಇದಕ್ಕೆ ಒಪ್ಪದ ಸ್ನೇಹಿತರು ಬಳಗದಲ್ಲಿದಾರೆ, ಅವರ ಟ್ರಿಸ್ಕ್ವೆಲ್ ಡಿಸ್ಕ್‌ಗಳೂ ಅದೇ ಮೇಜಿನ ಮೇಲೆ ಇರಲಿ.

ಕೈಯಿಂದಕೈಗೆ:

ಫೋನಿಗೂ ಇದೇ ಮಾಡಬಹುದು. ಆಂಡ್ರಾಯ್ಡ್‌ನ ಮುಕ್ತ ಆಪ್‌ಗಳ ಅಂಗಡಿ ಎಫ್-ಡ್ರಾಯ್ಡ್‌ನಲ್ಲಿ ಹತ್ತಿರದವರ ಜೊತೆ ಆಪ್ ಅದಲುಬದಲು ಮಾಡೋ ಸೌಲಭ್ಯ ಇದೆ, ಒಂದೇ ವೈಫೈನಲ್ಲಿದ್ರೆ ಸಾಕು, ಇಂಟರ್‌ನೆಟ್ ಬೇಡ. ಸೆಪ್ಟೆಂಬರ್‌ನ ಮೂರನೇ ಶನಿವಾರ ಸಾಫ್ಟ್‌ವೇರ್ ಫ್ರೀಡಂ ಡೇ ಮಾಡುವಾಗ ನಾವು ಇದಕ್ಕೆ ಅಂತ ಬೇರೆ ಮೇಜು ಹಾಕ್ತೀವಿ, ಮಕ್ಕಳು ಅಲ್ಲಿಂದ ಏಳಲ್ಲ.

ಮೇಜಿನಮೂಲೆ:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ಸಭೆ ಮುಗೀತು, ಏನಾಯ್ತು ಅಂತ ಹೇಳ್ತೀನಿ.

ಡೆಬಿಯನ್ 13 ಲೈವ್ ಐಎಸ್‌ಒ, ಅದೇ ಬಿಡುಗಡೆಯ ಸೋರ್ಸ್ ಐಎಸ್‌ಒಗಳು, ಎರಡೂ ಒಂದು ಹಾರ್ಡ್‌ಡಿಸ್ಕ್‌ನಲ್ಲಿ. ಸೋರ್ಸ್ ಇಳಿಸೋಕೆ ಒಂದು ರಾತ್ರಿ ಅಂದಿದ್ರಿ, ನಮ್ಮ ಲೈನಿಗೆ ಎರಡು ರಾತ್ರಿ ಹಿಡೀತು. ಸ್ವಿಚ್ ಯಾರೋ ಸದಸ್ಯರು ತಂದುಕೊಟ್ರು. ಚೀಟಿ ಮಾಡಿದೆ. ಒಂದು ಬದಿಯಲ್ಲಿ ಬಿಡುಗಡೆ, ದಿನಾಂಕ, 64 ಅಕ್ಷರ. ಇನ್ನೊಂದು ಬದಿಯಲ್ಲಿ ದೊಡ್ಡಕ್ಷರದಲ್ಲಿ ಹೀಗೆ: "ಇದು ಮುಕ್ತ ತಂತ್ರಾಂಶ. ಇದನ್ನು ನಕಲು ಮಾಡಲು, ಬೇರೆಯವರಿಗೆ ಕೊಡಲು ನಿಮಗೆ ಅನುಮತಿ ಇದೆ. ಇದರ ಮೂಲ ಸಂಕೇತ ಇದೇ ಮೇಜಿನಲ್ಲಿ ಸಿಗುತ್ತದೆ, ಇವತ್ತು ಬೇಡವಾದರೆ 3 ವರ್ಷದೊಳಗೆ ಯಾವಾಗ ಬೇಕಾದರೂ ಬಂದು ಕೇಳಿ." ಕೆಳಗೆ ಬಳಗದ ವಿಳಾಸ. 3 ವರ್ಷ ಆ ಡಿಸ್ಕ್ ಕಾಯೋ ಕೆಲಸ ನಾನೇ ಒಪ್ಪಿಕೊಂಡೆ, ಇನ್ನೊಂದು ಪ್ರತಿ ಬೇರೆ ಸದಸ್ಯರ ಮನೆಯಲ್ಲಿದೆ.

ಹುಡುಗ ಬಂದಿದ್ದ. ಸೋರ್ಸ್ ಫೋಲ್ಡರ್ ತೋರಿಸಿದೆ. ಎಲ್ಲಾ ತಗೊಳ್ಳಲಿಲ್ಲ, ಕರ್ನಲ್‌ದು ಮಾತ್ರ ತಗೊಂಡು ಅಲ್ಲೇ ಬೆಂಚಿನ ಮೇಲೆ ಕೂತು ಬಿಚ್ಚಿ ನೋಡಿದ. ತನ್ನ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಡ್ರೈವರ್ ಫೈಲ್ ಹುಡುಕ್ತಿದ್ದ. ಸಿಕ್ಕಾಗ ನನ್ನನ್ನ ಕರೆದು ಪರದೆ ತೋರಿಸಿದ. ಆ ಫೈಲಿನ ತಲೆಯಲ್ಲೇ ಲೈಸೆನ್ಸಿನ ಸಾಲಿತ್ತು.

ಮೇಡಂ ಕೂಡ ಬಂದಿದ್ರು. ಹೋದ ಸಲ ಕೊಟ್ಟ ಪೆನ್‌ಡ್ರೈವ್ ಅವರು ಬಳಸಿರಲಿಲ್ಲ, ಹಾಗೇ ವಾಪಸ್ ತಂದಿದ್ರು. ಚೀಟಿ ಕೊಟ್ಟೆ. ಕನ್ನಡಕ ಹಾಕ್ಕೊಂಡು ಎರಡೂ ಬದಿ ಓದಿದ್ರು. "ಬೇರೆಯವರಿಗೆ ಕೊಡಲು ಅಂತ ಬರೆದಿದೆ, ಅಂದ್ರೆ ನಾನು ನನ್ನ ತಂಗಿಗೆ ಕೊಡಬಹುದಾ?" ಕೊಡಬಹುದು ಮೇಡಂ, ಚೀಟಿ ಸಮೇತ ಕೊಡಿ ಅಂದೆ. "ಹಾಗಾದ್ರೆ ಇನ್ನೊಂದು ಚೀಟಿ ಕೊಡಿ" ಅಂದ್ರು. ಮೇಜಿನಲ್ಲೇ ಲೈವ್ ಹಾಕಿ ನೋಡಿದ್ವಿ, ವೈಫೈ ಬಂತು, ಸೌಂಡ್ ಬಂತು. ಇನ್‌ಸ್ಟಾಲ್ ಮುಗಿಯೋವರೆಗೆ ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂತಿದ್ರು.

ಅಂಕಿಹೊಂದಿಸು:

ಆ ಚೀಟಿಯ ಫೈಲ್ ಕಳಿಸ್ತೀರಾ? ನಮ್ಮ ಮೇಜಿಗೂ ಬೇಕು.

ಮೇಜಿನಮೂಲೆ:

ಕಳಿಸ್ತೀನಿ, ಲಿಬ್ರೆಆಫೀಸ್‌ನಲ್ಲೇ ಮಾಡಿದ್ದು. ಬಿಡುಗಡೆ ಸಂಖ್ಯೆ, ಮೊತ್ತ, ವಿಳಾಸ ನಿಮ್ಮದು ಹಾಕ್ಕೊಳ್ಳಿ, 3 ವರ್ಷದ ಮಾತನ್ನ ಉಳಿಸಿಕೊಳ್ಳೋಕಾದ್ರೆ ಮಾತ್ರ ಆ ಸಾಲು ಇಟ್ಕೊಳ್ಳಿ. ಪದಗಳನ್ನ ಎಲ್ಲಾದರೂ ಸುಲಭ ಮಾಡಿದ್ರೆ ನನಗೂ ವಾಪಸ್ ಕಳಿಸಿ.